ಗೋದಾ ಹೇಳಿದ್ದು, ನಾನು ತಿರುಚಿದ್ದು

ಗೋದಾ, ಆ ದಿನ ನೀನು ಕನ್ನಡದಲ್ಲಿ ಹೇಳಿದ್ದನ್ನು ನಾನು ಮರಾಠಿಯಲ್ಲಿ ಹೇಳಲಿಲ್ಲ. ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳಿದೆ. ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು, ಎದ್ದು—ಇರಲಿ.

ಯುದ್ಧದ ವರ್ಷಗಳವು. ಪುಣೆಯ ಸದಾಶಿವ ಪೇಠೆಯಲ್ಲಿ, ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯ ಅಂಗಳದಲ್ಲಿ ಸಿಂಧುಬಾಯಿ ಹುಡುಗಿಯರ ಮಂಡಳ ನಡೆಸುತ್ತಿದ್ದರು. ಪಾಠ ಗೀಠ ಇಲ್ಲ; ಕೈಗೆ ನಟ್ಟು ತಿರುಗಿಸುವ ಪಾನಾ ಕೊಟ್ಟು "ಬಿಚ್ಚಿ, ನೋಡಿ, ಮತ್ತೆ ಜೋಡಿಸಿ" ಎನ್ನುತ್ತಿದ್ದರು. ಆ ಸಲ ಗುಜರಿಯಿಂದ ತಂದ ಒಂದು ಸೈಕಲ್ಲು. ನೀನು ಧಾರವಾಡದಿಂದ ಬಂದು ಎರಡೇ ತಿಂಗಳಾಗಿತ್ತು, ಮರಾಠಿ ಬರುತ್ತಿರಲಿಲ್ಲ. ಆದರೆ ನಿನ್ನ ಕೈ—ಒಮ್ಮೆ ತೋರಿಸಿದರೆ ಸಾಕಿತ್ತು. ನಮ್ಮ ಮನೆಮಾತು ಕನ್ನಡವಾದ್ದರಿಂದ, ನಿನ್ನ ಮಾತನ್ನು ಅವರಿಗೆ, ಅವರ ಮಾತನ್ನು ನಿನಗೆ ಹೇಳುವವಳು ನಾನು.

ಮುಂದಿನ ಗಾಲಿ ಕೂಡಿಸಿದ್ದೂ ನಾನೇ.

"ನಟ್ಟು ಬಿಗಿ ಮಾಡೀ ಏನ?" ಎಂದು ನೀನು ಕೇಳಿದೆ.

"ಮಾಡೇನಿ" ಎಂದೆ ನಾನು. ಮಾಡಿರಲಿಲ್ಲ. ಬೆರಳು ನೋಯುತ್ತಿತ್ತು, ಮುಗಿಸುವ ಅವಸರ.

ಮೊದಲು ಸಿಂಧುಬಾಯಿಯೇ ಹತ್ತಿದರು. ವಾಡೆಯ ಬಾಗಿಲು ದಾಟಿದ್ದೇ ತಡ, ಗಾಲಿ ಕಳಚಿತು. ಕಲ್ಲುಹಾಸಿನ ಮೇಲೆ ಬಿದ್ದರು. ಬಲ ಮೊಣಕೈ ಮುರಿಯಿತು.

ಆ ನೋವಿನಲ್ಲೂ ಕೇಳಿದರು—ಗಾಲಿ ಕೂಡಿಸಿದವರು ಯಾರು? ಅಷ್ಟು ಮರಾಠಿ ನಿನಗೂ ತಿಳಿಯಿತು. ನೀನು ನನ್ನ ಕಡೆ ತಿರುಗಿ, "ನೀನ ಕೂಡಿಸಿದ್ದು, ಹೇಳಿಬಿಡು. ಅಂಜಬ್ಯಾಡ, ನಾ ಇದ್ದೇನಿ" ಎಂದೆ.

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಮಂಡಳದಿಂದ ತೆಗೆದುಹಾಕಿದರೆ—ಅಪ್ಪನಿಗೆ ಗೊತ್ತಾದರೆ—

"ತಾನೇ ಕೂಡಿಸಿದ್ದಂತೆ. ತಪ್ಪಾಯಿತು ಅನ್ನುತ್ತಾಳೆ" ಎಂದು ಮರಾಠಿಯಲ್ಲಿ ಹೇಳಿದೆ.

ಒಪ್ಪಿಕೊಂಡಳಲ್ಲ ಎಂದು ಸಿಂಧುಬಾಯಿ ಎಡಗೈಯಿಂದ ನಿನ್ನ ತಲೆ ಸವರಿದರು. ನೀನೋ, ನಾನು ನಿಜ ಹೇಳಿದೆನೆಂದು ತಿಳಿದು ನನ್ನ ಕೈ ಒತ್ತಿದೆ. "ಭಾಳ ಛಲೋ ಮಾಡಿದಿ."

ಮುಂದಿನ ವಾರದಿಂದ ಹುಡುಗಿಯರು ನಿನ್ನ ಕೈಗೆ ಪಾನಾ ಕೊಡಲಿಲ್ಲ. ಯಾಕೆಂದು ನೀನು ನನ್ನನ್ನು ಕೇಳಿದೆ. ಗೊತ್ತಿಲ್ಲ ಎಂದೆ ನಾನು. ತಿಂಗಳೊಳಗೆ ನೀನು ಬರುವುದು ಬಿಟ್ಟೆ.

ಆಮೇಲೆ ನೀನು ಮರಾಠಿ ಕಲಿತೆ. ಯಾರಿಂದಲೋ ಎಲ್ಲ ತಿಳಿಯಿತು. ಒಂದು ಸಂಜೆ ನಲ್ಲಿಯ ಹತ್ತಿರ ಎದುರಾದಾಗ "ಹೆಂಗಿದ್ದಿ ಗೋದಾ?" ಎಂದು ಕೇಳಿದೆ. ನೀನು ತಪ್ಪಿಲ್ಲದ ಮರಾಠಿಯಲ್ಲಿ, ಗುರುತಿಲ್ಲದವರಿಗೆ ಹೇಳುವಂತೆ, "ಠೀಕ ಆಹೆ" ಎಂದು ಕೊಡ ಎತ್ತಿಕೊಂಡೆ. ಮದುವೆಯಾಗಿ ಊರು ಬಿಡುವ ತನಕ ನನ್ನೊಡನೆ ಕನ್ನಡ ಆಡಲಿಲ್ಲ.

ಸಿಂಧುಬಾಯಿ ಈಗ ಮುದುಕಿ. ಆ ಕೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಎಲ್ಲವನ್ನೂ ಹೇಳಿದೆ. ನನ್ನನ್ನು ಬೈಯಲಿಲ್ಲ. ನಿನ್ನ ವಿಳಾಸ ಕೇಳಿದರು.

ನನ್ನ ಹತ್ತಿರ ಇರಲಿಲ್ಲ. ಇಷ್ಟು ವರ್ಷ ನಾನು ಯಾರನ್ನೂ ಕೇಳಿರಲೇ ಇಲ್ಲ, ಗೋದಾ.