ಮಗಳ ಹೆಸರಿನ ಪಾಸ್‌ವರ್ಡ್

ವಿಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವುದು ನನ್ನ ಕೆಲಸ. ನಗರದ ಇನ್ನೊಂದು ಲ್ಯಾಬಿನ ಕಂಪ್ಯೂಟರಿಗೆ ಯಾರೋ ಕಳ್ಳರು ನುಗ್ಗಿ, ರೋಗಿಗಳ ರಿಪೋರ್ಟುಗಳಿಗೆಲ್ಲ ಬೀಗ ಜಡಿದು ಕೂತರಂತೆ. ಸುದ್ದಿ ಕೇಳಿ ನಮ್ಮ ಯಜಮಾನರಾದ ಡಾಕ್ಟರಿಗೆ ನಿದ್ದೆ ಹಾರಿಹೋಯಿತು. ನಮ್ಮ ಭದ್ರತೆ ಎಷ್ಟು ಗಟ್ಟಿ ಎಂದು ನೋಡಲು ಒಬ್ಬ ಸಲಹೆಗಾರನನ್ನು ಕರೆಸಿದರು. ಇಸ್ತ್ರಿ ಮುರಿಯದ ಅಂಗಿ, ಹಲ್ಲು ಕಾಣಿಸದ ನಗು. ಮೊದಲ ನೋಟಕ್ಕೇ ಅವನು ನನಗೆ ಹಿಡಿಸಲಿಲ್ಲ.

ಅವನು ಕಂಪ್ಯೂಟರ್ ಮುಟ್ಟುವ ಮೊದಲು ನಮ್ಮ ಮೇಜುಗಳನ್ನು ನೋಡಿದ. ಪ್ರತಿ ಮಾನಿಟರಿನ ಮೂಲೆಯಲ್ಲೂ ಅವರವರ ಮನೆದೇವರ ಸ್ಟಿಕ್ಕರು, ಅದಕ್ಕೆ ಶುಕ್ರವಾರದ ಕುಂಕುಮ. ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಕ್ಯಾಶ್ ಕೌಂಟರಿನ ಹುಬ್ಬಳ್ಳಿ ಹುಡುಗಿಯ ಕುರ್ಚಿಯಲ್ಲಿ ಕೂತು ‘ಎಲ್ಲಮ್ಮ’ ಎಂದು ಹೊಡೆದು ಒಂದು ಎರಡು ಮೂರು ಸೇರಿಸಿದ. ತೆರೆದುಕೊಂಡಿತು. ಸ್ಯಾಂಪಲ್ ವಿಭಾಗದಲ್ಲಿ ‘ಮಂಜುನಾಥ’. ಅದೂ ತೆರೆದುಕೊಂಡಿತು. ಪ್ರತಿ ಸಲವೂ ಜಾದೂ ನೋಡಿದವರ ಹಾಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಮನೆ ಬಾಗಿಲು ಒಡೆದವನಿಗೆ ಚಪ್ಪಾಳೆ ತಟ್ಟುವ ಪೆದ್ದರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನೂ ತಟ್ಟಿದೆ ಅನ್ನುವುದು ಬೇರೆ ಮಾತು.

ನನ್ನ ಮೇಜಿನಲ್ಲಿ ದೇವರಿರಲಿಲ್ಲ. ಮಗಳು ಡೆಂಗಿಯಲ್ಲಿ ಹೋದ ಮೇಲೆ ಕಿತ್ತುಹಾಕಿದ್ದೆ. ಅವನು ಸುಳಿವು ಸಿಗದೆ ಗಲ್ಲ ಕೆರೆದುಕೊಂಡ. ಆಗ ಪಕ್ಕದ ಮೇಜಿನವಳು, ದಿನಾ ನನ್ನ ಡಬ್ಬಿಯ ಊಟ ಹಂಚಿಕೊಳ್ಳುವವಳು, ಬಾಯಿಬಿಟ್ಟಳು.

“ಮಗಳ ಹೆಸರು ಹಾಕಿ ನೋಡಿ ಸಾರ್. ತೀರ್ಕೊಂಡ್ಬಿಟ್ಳು, ಪಾಪ.”

ಅವನು ಹೆಸರು ಕೇಳಿದ. ಅವಳೇ ಒಂದೊಂದು ಅಕ್ಷರವಾಗಿ ಹೇಳಿಕೊಟ್ಟಳು. ತೆರೆದುಕೊಂಡಿತು. ಹಿಂದೆ ಯಾರೋ ರೂಢಿಯಂತೆ ಚಪ್ಪಾಳೆ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು.

“ಪರ್ಸನಲ್ ಆಗಿ ತಗೋಬೇಡಿ ಮೇಡಂ,” ಅಂದ ಅವನು. “ಬೇರೆಯವ್ರಿಗೆ ಗೊತ್ತಿರೋ ಹೆಸರು ಅಂದ್ರೆ ರಿಸ್ಕೇ.”

ಡಾಕ್ಟರು ಅಲ್ಲೇ ತೀರ್ಮಾನ ಹೇಳಿದರು. “ಎಲ್ರೂ ಇವತ್ತೇ ಚೇಂಜ್ ಮಾಡಿ. ದೇವರ ಹೆಸರು, ಮನೆಯವ್ರ ಹೆಸರು ಯಾವ್ದೂ ಬೇಡ. ಪೇಷೆಂಟ್ಸ್ ರಿಪೋರ್ಟ್ ಇದೆ ಅದ್ರಲ್ಲಿ.”

ಅವರ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ರೇಷನ್ ಕಾರ್ಡಿನಿಂದ ಆ ಹೆಸರು ತೆಗೆದಿದ್ದರು, ಶಾಲೆಯ ಹಾಜರಿಯಿಂದ ತೆಗೆದಿದ್ದರು. ಮನೆಯಲ್ಲಿ ಎತ್ತಿದರೆ ನನ್ನ ಗಂಡ ತಟ್ಟೆ ಬಿಟ್ಟು ಎದ್ದುಹೋಗುತ್ತಾರೆ. ದಿನಾ ಬೆಳಗ್ಗೆ ನನ್ನನ್ನು ಆ ಹೆಸರು ಕೇಳುತ್ತಿದ್ದುದು ಆ ಕಂಪ್ಯೂಟರ್ ಒಂದೇ. ಅದರ ಬಾಯಿಯನ್ನೂ ಮುಚ್ಚಿಸಿದರು. ಅರ್ಥವಿಲ್ಲದ್ದೇ ಗಟ್ಟಿ ಎಂದು ಅವನು ಪಾಠ ಹೇಳಿದ. ನಾನು ಅಕ್ಷರ, ಅಂಕಿಗಳ ಒಂದು ಕಿಚಡಿ ಮಾಡಿ ಹಾಕಿದೆ.

ಮುಂದಿನ ತಿಂಗಳು ನಮ್ಮ ಕೆಂಗೇರಿ ಶಾಖೆಯಲ್ಲಿ ಎಲ್ಲರಿಗೂ ಅವನದೇ ತರಬೇತಿ. ಗೋಡೆಯ ಮೇಲೆ ‘ದುರ್ಬಲ ಪಾಸ್‌ವರ್ಡ್‌ಗಳು’ ಎಂಬ ಸ್ಲೈಡ್ ಮೂಡಿತು. ಎಲ್ಲಮ್ಮ, ಮಂಜುನಾಥ, ಅವರ ಕೆಳಗೆ ನನ್ನ ಮಗಳು. ಮೂವರ ಮೇಲೂ ಕೆಂಪು ಗೀಟು.

“ಲಾಸ್ಟು ಯಾರೋ ಲವರ್ ಹೆಸರಿರ್ಬೇಕು ಗುರು,” ಎಂದು ಹಿಂದಿನ ಸಾಲಿನ ಕೆಂಗೇರಿ ಹುಡುಗನೊಬ್ಬ ಅಂದ. ಸಾಲೆಲ್ಲ ನಕ್ಕಿತು.

ಪಕ್ಕದ ಮೇಜಿನವಳು ನನ್ನ ಕೈ ಹಿಡಿದು, “ಎದ್ದು ಹೋಗೋಣ ಬಾರೇ,” ಅಂದಳು. ಕೊಡವಿ ಬಿಡಿಸಿಕೊಂಡೆ. ಆ ಹೆಸರನ್ನು ಅಷ್ಟು ದೊಡ್ಡ ಅಕ್ಷರಗಳಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಅವನು ಮುಂದಿನ ಸ್ಲೈಡಿಗೆ ಹೋಗಲು ಗುಂಡಿ ಒತ್ತುವುದರಲ್ಲಿದ್ದ. ನಾನು ಕೈ ಎತ್ತಿದೆ.

“ಅರ್ಥ ಆಗ್ಲಿಲ್ಲ ಸಾರ್. ಇದನ್ನೇ ಇನ್ನೊಂದ್ಸಲ ಹೇಳಿ.”