ಟೀಚರ ಕೆಮ್ಮು, ಗುರುಗಳ ಹೆಗಲು

ಐರೋಲಿಯ ಸೌಭಾಗ್ಯ ಟೀಚರ್ ಸಂಗೀತ ಹೇಳಿಕೊಡುವ ರೀತಿ ಬಲು ಹಳೆಯದು. ಹಾರ್ಮೋನಿಯಂ ಮುಟ್ಟುವಂತಿಲ್ಲ, ಫೋನಿನಲ್ಲಿ ರೆಕಾರ್ಡ್ ಮಾಡುವಂತಿಲ್ಲ. ತಂಬೂರಿ ಮೀಟುತ್ತ ಕಣ್ಣು ಮುಚ್ಚಿ ಆಕೆ ಒಂದು ಸಾಲು ಹಾಡುವುದು, ಮಕ್ಕಳು ಅದನ್ನೇ ತಿರುಗಿ ಹಾಡುವುದು, ಅಷ್ಟೇ. ಅವರು ಹಾಡಿ ಮುಗಿಸುವವರೆಗೂ ಆಕೆಯ ಕಣ್ಣು ತೆರೆಯುವುದಿಲ್ಲ. ಇನ್ನೂ ಒಂದು ಹಾಡೂ ಬಂದಿಲ್ಲವೆಂದು ಗೊಣಗುವ ತಾಯಂದಿರಿಗೆ ಚಹಾ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಗದಗಿನಲ್ಲಿ ಆಕೆ ಕಲಿತದ್ದೂ ಹೀಗೆಯೇ. ಅಲ್ಲಿನ ಗುರುಗಳು ಹುಡುಗರಾಗಿದ್ದಾಗ ಮರದಿಂದ ಬಿದ್ದು ಎಡಗೈ ಮುರಿದುಕೊಂಡವರು. ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಏರುವಾಗಲೆಲ್ಲ ಅವರ ಎಡಹೆಗಲು ತಾನಾಗಿ ಮೇಲೇಳುತ್ತಿತ್ತು. ಕೈ ನೆಟ್ಟಗಿದ್ದ ಶಿಷ್ಯರಿಗೇನು ಬಂದಿತ್ತು ರೋಗ? ಷಡ್ಜ ಬಂತೆಂದರೆ ಸಾಲಾಗಿ ಎಲ್ಲರ ಹೆಗಲೂ ಎದ್ದವು. ಗುರುಗಳು ಬೈದರು, ಹೆಗಲನ್ನು ಒತ್ತಿ ಹಿಡಿದು ನೋಡಿದರು, ಊಹೂಂ. ಐರೋಲಿಯ ಹತ್ತಿರದ ಮಹಾಪೆಯಲ್ಲಿ ನೌಕರಿಯಲ್ಲಿದ್ದ ವಿಜಯಕುಮಾರನನ್ನು ಮದುವೆಯಾಗಿ ಸೌಭಾಗ್ಯ ಇಲ್ಲಿಗೆ ಬಂದಾಗ ತಂಬೂರಿಯ ಸಂಗಡ ಆ ಹೆಗಲೂ ಬಂತು.

ಕಳೆದ ವರ್ಷ ಆಕೆಗೆ ಥೈರಾಯ್ಡ್ ಆಪರೇಷನ್ ಆಯಿತು. ಮಾತು ಮರಳಿತು, ಕೆಳಗಿನ ಸ್ವರಗಳೂ ಮರಳಿದವು. ಮೇಲಿನ ಷಡ್ಜಕ್ಕೆ ಮಾತ್ರ ಗಂಟಲು ಕಟ್ಟುತ್ತಿತ್ತು. ಸಣ್ಣಗೆ ಕೆಮ್ಮಿ ಹೇಗೋ ಮುಟ್ಟುತ್ತಿದ್ದಳು. ಪಾಠ ನಿಲ್ಲಲಿಲ್ಲವಲ್ಲ, ಅದೇ ದೊಡ್ಡದು ಎಂದುಕೊಂಡಿದ್ದಳು.

ಒಂದು ದಿನ ಮೇಲಿನ ಮಹಡಿಯ ಶರ್ಮಿಳಾ ಇಳಿದು ಬಂದಳು. ಉಡುಪಿ ಕಡೆಯವಳು, ಅವಳ ಮಗಳು ಅನಘ ಇಲ್ಲಿ ಕಲಿಯುವವರಲ್ಲೆಲ್ಲ ಚುರುಕು.

“ಸೌಭಾಗ್ಯಕ್ಕ, ಇವಳಿಗೆ ಎಂಥದೋ ಕೆಮ್ಮು ಮಾರಾಯ್ರೆ. ಡಾಕ್ಟ್ರು ನೋಡಿ ಏನೂ ಇಲ್ಲ ಅಂದ್ರು. ಮಾತಾಡುವಾಗ ಇಲ್ಲ, ಓಡುವಾಗ ಇಲ್ಲ. ಹಾಡುವಾಗ ಮಾತ್ರ, ಅದೂ ಮೇಲೆ ಹೋಗುವಾಗ.”

ಪಾಠದಲ್ಲಿ ಮಕ್ಕಳು ಕೆಮ್ಮುವುದನ್ನು ಸೌಭಾಗ್ಯಳೂ ಕೇಳಿದ್ದಳು. ರಸ್ತೆಯ ಧೂಳಿಗೆ ಎಂದುಕೊಂಡಿದ್ದಳು. ಅಯ್ಯೋ, ಧೂಳಲ್ಲ, ತನ್ನದೇ ಕೆಮ್ಮು! ಆ ಕೆಮ್ಮು ಇನ್ನು ಈ ಮಕ್ಕಳ ಗಂಟಲಲ್ಲೇ ಉಳಿದುಬಿಟ್ಟರೆ?

“ಶರ್ಮಿಳಾ, ಅದು ನನ್ನ ಕೆಮ್ಮವ್ವಾ. ನಾ ಇನ್ನ ಕಲಿಸೂದ ಬ್ಯಾಡ. ಆಕೀನ್ನ ಬ್ಯಾರೆ ಕಡೆ ಹಾಕು.”

“ಬೇರೆ ಎಲ್ಲಿಗೆ? ಅವಳು ನಿಮ್ಮ ಸ್ವರದ ಹಿಂದೆ ಬಿಟ್ಟರೆ ಯಾವುದರ ಹಿಂದೆಯೂ ಹೋಗುವುದಿಲ್ಲ. ಸುಮ್ಮನಿರಿ ನೀವು.”

ಸುಮ್ಮನಿರುವುದಾದರೂ ಹೇಗೆ? ಪಾಠ ನಿಲ್ಲಿಸಿದರೆ ತನ್ನ ಬದುಕಿನಲ್ಲಿ ಏನು ಉಳಿಯಿತು, ನಡೆಸಿದರೆ ಮಕ್ಕಳ ಗಂಟಲು ಕೆಡುತ್ತದೆ. ಆದರೆ ಶರ್ಮಿಳಾ ಅಂದ ‘ಸುಮ್ಮನಿರಿ’ ಎಂಬ ಮಾತು ತಲೆಯಲ್ಲೇ ಕೂತಿತ್ತು.

ಮರುದಿನ ಅನಘಳೊಬ್ಬಳನ್ನೇ ಕೂರಿಸಿಕೊಂಡಳು. ಸ್ವರ ಸ್ವರವಾಗಿ, ಷಡ್ಜಕ್ಕೆ ಒಂದೇ ಮೆಟ್ಟಿಲು ಕೆಳಗಿನ ನಿಷಾದದವರೆಗೆ ಏರಿ, ಅಲ್ಲಿಗೆ ಬಾಯಿ ಮುಚ್ಚಿದಳು. ಕೆಮ್ಮು ಗಂಟಲಿಗೆ ಬಂದಿತ್ತು, ನುಂಗಿದಳು. ತಂಬೂರಿ ಮಾತ್ರ ಮೀಟುತ್ತ ಹೋದಳು.

“ತುಮ್ಹೀ ಕಾ ಥಾಂಬಲಾತ್?” ಅನಘ ಮರಾಠಿಯಲ್ಲಿ ಕೇಳಿದಳು, ಯಾಕೆ ನಿಲ್ಲಿಸಿದಿರಿ ಎಂದು.

“ಇಲ್ಲೀತನಕ ನಂದು. ಮುಂದಿಂದು ನಿಂದು. ಷಡ್ಜ ತಂಬೂರಿಯೊಳಗ ಐತಿ, ಅದನ್ನ ಕೇಳು. ಕೆಮ್ಮು ನನ್ನ ಹತ್ರನ ಇರ್ಲಿ.”

ಹುಡುಗಿ ತಂಬೂರಿಯ ಕಡೆಗೆ ಕಿವಿಗೊಟ್ಟಳು. ಅಭ್ಯಾಸಬಲದಿಂದ ಗಂಟಲು ಒಮ್ಮೆ ಅಲುಗಿತು, ನಿಂತಿತು. ಆಮೇಲೆ ಷಡ್ಜ ಬಂತು. ನೇರವಾಗಿ, ಒಡಕಿಲ್ಲದೆ ಬಂದು ನಿಂತಿತು.

ಸೌಭಾಗ್ಯಳ ಎದೆಯ ಮೇಲಿನ ಭಾರ ಇಳಿಯಿತು. ಷಡ್ಜವನ್ನು ತಾನು ಹಾಡಿರಲಿಲ್ಲವಾದ್ದರಿಂದ ಈ ಸಲ ಕಣ್ಣು ತೆರೆದೇ ಇತ್ತು. ಇಷ್ಟು ವರ್ಷಗಳಲ್ಲಿ ಷಡ್ಜ ಹಿಡಿದ ಶಿಷ್ಯೆಯನ್ನು ಆಕೆ ನೋಡಿದ್ದು ಅದೇ ಮೊದಲು. ಗದಗನ್ನೇ ಕಾಣದ ಆ ಹುಡುಗಿಯ ಎಡಹೆಗಲು ಮೇಲೆದ್ದಿತ್ತು.

ಸೌಭಾಗ್ಯಳಿಗೆ ನಗುವೂ ಬಂತು, ಅಳುವೂ ಬಂತು.

“ಕ್ಯಾ ಹುವಾ ಟೀಚರ್? ತಪ್ಪಾಯ್ತಾ?”

“ಇಲ್ಲವ್ವಾ. ಕೆಮ್ಮು ಹೋತು,” ಎಂದಳು ಕಣ್ಣೊರೆಸಿಕೊಂಡು. “ಹೆಗಲು ಇರ್ಲಿ ಬಿಡು.”