ಉದ್ಘಾಟನೆಗೆ ಮೊದಲು ತೂಗಿದ ಉಯ್ಯಾಲೆ

ಕಾಟಿಪಳ್ಳದಲ್ಲಿ ನನ್ನ ನೆರೆಮನೆಯ ಖತೀಜಮ್ಮನಿಗೆ ಪ್ರಶ್ನೆ ಕೇಳದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಮೀನು ತಂದವನಲ್ಲಿ ದೋಣಿಯ ಹೆಸರು ಕೇಳುತ್ತಾರೆ. ನನ್ನ ಮನೆಯ ಆಶೀರ್ವಾದಕ್ಕೆ ಬಂದ ಪಾದ್ರಿಗಳಲ್ಲಿ ಅವರ ತಾಯಿಯ ಊರು ಕೇಳಿದ್ದರು. ಎಷ್ಟೋ ಸಲ ನನಗೆ ತಲೆ ಚಿಟ್ಟು ಹಿಡಿದದ್ದುಂಟು. ಹೊಲಿಗೆ ಮೆಷಿನ್ ಹೇಗೆ ಓಡುತ್ತದೆಂದು ಬಿಚ್ಚಿ ನೋಡಿಯೇ ಟೈಲರ್ ಆದ ಹೆಂಗಸು, ಹೇಳಿ ಪ್ರಯೋಜನವಿಲ್ಲ.

ಕಳೆದ ರಜೆಗೆ ಅವರ ಮೊಮ್ಮಗಳು ಹನಾನ್ ದಮ್ಮಾಮಿನಿಂದ ಬಂದಿದ್ದಳು. ಎಂಟು ವರ್ಷದ ಹುಡುಗಿ. ಹುಟ್ಟಿನಿಂದಲೇ ಕಾಲಿಗೆ ಬಲವಿಲ್ಲ. ಕದ್ರಿಯ ಪಾರ್ಕಿನಲ್ಲಿ ಸಿನಿಮಾ ನಟರೊಬ್ಬರು ಮಕ್ಕಳಿಗೆ ಆಟದ ಜಾಗ ಮಾಡಿಸಿದ್ದಾರೆ, ಗಾಲಿಕುರ್ಚಿ ಸಮೇತ ಏರುವ ಉಯ್ಯಾಲೆಯೂ ಉಂಟು ಎಂದು ಕೇಳಿ, ಅವಳು ವಿಮಾನ ಹತ್ತುವ ಹಿಂದಿನ ದಿನ ಮೂವರೂ ಹೋದೆವು. ನೋಡಿದರೆ ಉಯ್ಯಾಲೆಗೆ ಬೀಗ.

"ನಟರು ಬಂದು ಉದ್ಘಾಟನೆ ಆಗಬೇಕು. ಡೇಟ್ ಸಿಗಲಿಲ್ಲ," ಎಂದಳು ಕಾವಲಿನ ಜಲಜಾಕ್ಷಿ.

"ಇದು ಯಾರಿಗೆ ಮಾಡಿದ್ದು?" ಖತೀಜಮ್ಮ ಶುರು ಮಾಡಿದರು.

"ಗಾಲಿಕುರ್ಚಿಯ ಮಕ್ಕಳಿಗೆ."

"ಮತ್ತೆ ಇವಳು ಯಾರು?"

"ನನ್ನ ಕೆಲಸ ಹೋಗ್ತದೆ ಅಕ್ಕ."

ಖತೀಜಮ್ಮ ಗಾಲಿಕುರ್ಚಿಯನ್ನು ವಾಪಸು ತಿರುಗಿಸಿದರು. ಆಗ ಹನಾನ್ ಜಲಜಾಕ್ಷಿಯನ್ನು ಕೇಳಿದಳು, "ಉಯ್ಯಾಲೆ ಹಿಂದೆ ಹೋಗುವಾಗ ಹೊಟ್ಟೆಗೆ ಎಂತ ಆಗ್ತದೆ?"

ಜಲಜಾಕ್ಷಿ ಅತ್ತಿತ್ತ ನೋಡಿದಳು. ಸೊಂಟದಿಂದ ಬೀಗದ ಕೈ ತೆಗೆದಳು. "ಯಾರಿಗೂ ಹೇಳಬಾರದು ಮಾರಾಯ್ರೆ," ಎಂದಳು.

ಹನಾನ್ ಕುರ್ಚಿ ಸಮೇತ ಏರಿ ತೂಗಿದಳು, ಕಿಲಕಿಲ ನಕ್ಕಳು. ನನಗೆ ಕಣ್ಣು ತುಂಬಿತು. "ಹೊಟ್ಟೆಗೆ ಎಂತ ಆಯ್ತು?" ಎಂದು ಅಜ್ಜಿ ಕೇಳಿದರೆ, "ಹೇಳುವುದಿಲ್ಲ. ನೀವೇ ಕೂತು ನೋಡಿ," ಎಂದಳು.

ಮುಂದಿನ ತಿಂಗಳು ಉದ್ಘಾಟನೆಗೂ ನಾವಿಬ್ಬರೇ ಹೋದೆವು. ನಟರು ರಿಬ್ಬನ್ ಕತ್ತರಿಸಿ, "ಇದರಲ್ಲಿ ಕೂರುವ ಮೊದಲ ಮಗು ಯಾರು, ನೋಡೋಣ," ಎಂದರು. ದೂರದಲ್ಲಿ ಜಲಜಾಕ್ಷಿಯ ಮುಖ ಬಿಳಿಚಿಕೊಂಡಿತ್ತು. ಖತೀಜಮ್ಮನ ತುಟಿ ಅದುರಿದ್ದನ್ನು ನಾನು ಕಂಡೆ. ಈ ಹೆಂಗಸು ಈಗ ಎಲ್ಲ ಹಾಳು ಮಾಡ್ತಾರೆ ಎಂದು ಹೆದರಿದೆ. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟರು.

ಜನ ಚದುರಿದ ಮೇಲೆ ಜಲಜಾಕ್ಷಿ ತಾನಾಗಿ ಬಂದು ಅವರ ಕೈ ಹಿಡಿದಳು. ಉಯ್ಯಾಲೆಯ ಹಲಗೆಯ ಮೇಲೆ ಕುಳ್ಳಿರಿಸಿ ಮೆಲ್ಲಗೆ ತೂಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಹನಾನ್‌ಳ ಫೋನ್ ಬಂತು.

"ನಾನೂ ಕೂತೆ," ಎಂದರು ಖತೀಜಮ್ಮ.

"ಹೊಟ್ಟೆಗೆ ಎಂತ ಆಯ್ತು?"

"ಹೇಳುವುದಿಲ್ಲ," ಎಂದು ಖತೀಜಮ್ಮ ಕಣ್ಣೊರೆಸಿಕೊಂಡರು. ಸುರತ್ಕಲ್ ಬರುವವರೆಗೆ ಕಂಡಕ್ಟರನಲ್ಲೂ ಅವರು ಏನನ್ನೂ ಕೇಳಲಿಲ್ಲ.